ಕಪ್ಪು-ಬಿಳುಪಿನ ಮಾಪಣ್ಣ ಕಾಕಾ

ತನ್ನ ಬಗ್ಗೆ ತಾನೇ ಬರೆದ ಎರಡು ಪುಟ ಮೂರನೆಯ ಸಲ ವಾಪಸು ಬಂದಾಗ ಭುವನೇಶ್ವರಿಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವುದೊಂದು ಬಾಕಿ ಉಳಿಯಿತು. ಕಲಬುರಗಿಯ ಆ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಕಲಿಯುವವರು ಡಿಸೈನ್ ಮಾಡಿದರಷ್ಟೇ ಸಾಲದು. ಸೆಮಿಸ್ಟರ್ ಮುಗಿಯುವ ಮೊದಲು ‘ನನ್ನ ಪ್ರಗತಿ’ ಅಂತ ಎರಡು ಪುಟ ಬರೆದು ಕೌಸರ್ ಮೇಡಂ ಅವರ ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ ಪರೀಕ್ಷಕರ ಮುಂದೆ ನಿಲ್ಲುವ ಹಾಗಿಲ್ಲ, ನಿಲ್ಲದಿದ್ದರೆ ಸೆಮಿಸ್ಟರ್ ಹೋಯಿತು. ಚಿತ್ರ ಬರೆಯುವ ಕೈಗೆ ಆತ್ಮಕಥೆ ಬರೆಯುವ ಶಿಕ್ಷೆ ಯಾಕೆ ಅಂತ ಇದುವರೆಗೆ ಯಾರೂ ಕೇಳಿದವರಿಲ್ಲ.

ಮೊದಲ ಸಲ ಅವಳು ಬಣ್ಣಗಳ ಹೊಂದಾಣಿಕೆ ಕಲಿತೆ, ಅಕ್ಷರಗಳ ಅಳತೆ ಕಲಿತೆ, ಖಾಲಿ ಜಾಗದ ಬೆಲೆ ಕಲಿತೆ ಎಂದು ಅಚ್ಚುಕಟ್ಟಾಗಿ ಬರೆದಿದ್ದಳು. ಮೇಡಂ ಕೆಳಗೆ ಕೆಂಪು ಪೆನ್ನಿನಲ್ಲಿ ‘ಇದು ಸಿಲಬಸ್. ಇದರಲ್ಲಿ ನೀನು ಎಲ್ಲಿ?’ ಎಂದು ಗೀಚಿದರು. ಎರಡನೆಯ ಸಲ ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ನಿಂತು ಬರುವುದು, ಕೈಕೊಡುವ ಲ್ಯಾಪ್‌ಟಾಪು, ಮನೆಯಲ್ಲಿ ಹೋಗಿಬರುವ ಕರೆಂಟು, ಎಲ್ಲ ಸೇರಿಸಿದಳು. ‘ಇದು ಅರ್ಜಿ’ ಎಂದು ಬಂತು. ಮೂರನೆಯ ಸಲ ಸಿಟ್ಟು ನೆತ್ತಿಗೇರಿ, ‘ನಮ್ಮೂರಿನವರಿಗೆ ಡಿಸೈನ್ ಅಂದರೇನೆಂದು ಗೊತ್ತಿಲ್ಲ. ನಾನು ಅವರಿಗಿಂತ ಬಹಳ ಮುಂದೆ ಹೋಗಿದ್ದೇನೆ. ಇದೇ ನನ್ನ ಪ್ರಗತಿ’ ಎಂದು ಬರೆದು ಕೊಟ್ಟಳು.

ಕೌಸರ್ ಮೇಡಂ ಈ ಸಲ ಪೆನ್ನು ಮುಟ್ಟಲಿಲ್ಲ. ಕನ್ನಡಕದ ಮೇಲಿನಿಂದ ನೋಡಿದರು. “ಅಷ್ಟು ಮುಂದ ಹೋಗೀದಿ ಅಂದ್ರ ತೋರಿಸು. ನಿಮ್ಮೂರಾಗ ನಾಕು ಮಂದಿ ನೋಡೋ ಜಾಗದಾಗ ಒಂದು ಕೆಲಸ ಹಾಕು. ಏನಾಯ್ತು ಅಂತ ಬರದುಕೊಂಡು ಬಾ. ಸಹಿ ಮಾಡ್ತೀನಿ.”

ಸಹಿಯ ಮೇಲೆ ಬರೀ ಸೆಮಿಸ್ಟರ್ ನಿಂತಿರಲಿಲ್ಲ. ಅವಳ ಅಪ್ಪ ರೇವಣನಿಗೆ ಈ ಓದಿನ ಮೇಲೆ ಮೊದಲಿನಿಂದಲೂ ನಂಬಿಕೆ ಇಲ್ಲ. ಮಗಳನ್ನು ನರ್ಸಿಂಗಿಗೆ ಹಾಕಬೇಕೆಂದಿದ್ದವನನ್ನು ತಡೆದವನು ಅವನ ತಮ್ಮ ಮಾಪಣ್ಣ. “ಅಣ್ಣಾ, ಹುಡುಗಿ ಕೈಯಾಗ ಏನೋ ಅದ, ಕಲೀಲಿ ಬಿಡು. ನಾ ಅದೀನಲ್ಲ” ಎಂದು ಮಾಪಣ್ಣ ಜಾಮೀನು ನಿಂತಂತೆ ನಿಂತಿದ್ದ. ರೇವಣ ಒಪ್ಪಿದ, ಆದರೆ ಒಂದು ಸೆಮಿಸ್ಟರ್ ಫೇಲಾದರೂ ನರ್ಸಿಂಗೇ ಎಂದು ಹೇಳಿಯೇ ಒಪ್ಪಿದ.

ಮಾಪಣ್ಣ ಕಾಕಾನದು ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲು. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ, ಚಹಾ. ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ಹೋಟೆಲಿನ ಮಾಳಿಗೆಯಿಂದ ಒಂದು ದೊಡ್ಡ ಫ್ಲೆಕ್ಸ್ ಇಳಿಬೀಳುತ್ತದೆ. ಅದರ ನಡುವೆ ಕಪ್ಪು ಕನ್ನಡಕ ಹಾಕಿದ ಕಾಕಾ, ಹಿಂದೆ ಒಂದು ಸಿಂಹ, ನಾಲ್ಕೂ ಮೂಲೆಗೆ ಗುಲಾಬಿ, ಸುತ್ತ ಶುಭ ಕೋರುವವರ ಮುಖಗಳು. ಆ ಮುಖಗಳಲ್ಲಿ ಯಾರದು ದೊಡ್ಡದು, ಯಾರದು ಸಣ್ಣದು ಅಂತ ಒಂದು ವಾರ ಮುನಿಸು ಬೇರೆ. ಬೆಳಿಗ್ಗೆ ಬಸ್ ಹತ್ತುವಾಗಲೆಲ್ಲ ಆ ಸಿಂಹ ಭುವನೇಶ್ವರಿಯನ್ನು ನೋಡಿ ಬಾಯಿ ತೆರೆಯುತ್ತಿತ್ತು. ನಾಲ್ಕು ಸೆಮಿಸ್ಟರ್ ಕಲಿತದ್ದೆಲ್ಲ ಆ ಬಾಯಿಯೊಳಗೆ ಹೋದಂತೆ ಅವಳಿಗೆ ಅನಿಸುತ್ತಿತ್ತು.

“ಕಾಕಾ, ಈ ಸಲ ನಾ ಮಾಡ್ತೀನಿ,” ಎಂದಳು. “ಖರೆ, ನಡುವ ಯಾರೂ ಬಾಯಿ ಹಾಕಬಾರದು. ಹಾಕೋ ತನಕ ನೀವೂ ನೋಡಬಾರದು.”

“ಆಗಲಿ ಯವ್ವಾ. ನೀ ಕಲ್ತಾಕಿ,” ಎಂದ ಕಾಕಾ. ಐವತ್ತು ತುಂಬುವ ಹುಟ್ಟುಹಬ್ಬ ಅದು. ಆದರೂ ಹಿಂದೆಮುಂದೆ ನೋಡದೆ ಒಪ್ಪಿದ.

ಅವಳು ಎರಡು ದಿನ ಹೋಟೆಲಿನ ಮೂಲೆಯಲ್ಲಿ ಕೂತು ಕಾಕಾನಿಗೆ ಗೊತ್ತಾಗದ ಹಾಗೆ ಫೋಟೊ ತೆಗೆದಳು. ಮಿರ್ಚಿ ಎಣ್ಣೆಗೆ ಬಿಟ್ಟು, ಮುಖಕ್ಕೆ ಬಂದ ಹಬೆಯಿಂದ ಸ್ವಲ್ಪ ಪಕ್ಕಕ್ಕೆ ತಿರುಗಿದಾಗ ಸಿಕ್ಕ ಒಂದು ಫೋಟೊ ಅವಳಿಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿತ್ತು. ಯಾವಾಗಲೂ ನಾಲ್ಕು ಮಂದಿಗೆ ಕೇಳುವಂತೆ ಮಾತಾಡುವ ಮನುಷ್ಯ, ಅದರಲ್ಲಿ ಏನನ್ನೋ ನೆನೆಯುತ್ತಾ ಸುಮ್ಮನಿದ್ದ. ಅವಳು ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದಳು. ಸಿಂಹ ಹೋಯಿತು, ಗುಲಾಬಿ ಹೋಯಿತು, ಶುಭ ಕೋರುವವರು ಒಬ್ಬರೂ ಉಳಿಯಲಿಲ್ಲ. ಮೇಲೆಲ್ಲ ಬಿಳಿ ಜಾಗ, ಸುತ್ತ ತೆಳುವಾದ ಒಂದು ಕಪ್ಪು ಗೆರೆ, ಕೆಳಗೆ ಮಾಪಣ್ಣ ಎಂಬ ಹೆಸರು. ಹುಟ್ಟುಹಬ್ಬದ ಶುಭಾಶಯಗಳು ಎಂದು ಹಾಕಬೇಕೇ? ಊರಿಗೇ ಗೊತ್ತಿರುವುದನ್ನು ಬರೆಯುವುದು ಯಾಕೆ ಎಂದು ಅದನ್ನೂ ಬಿಟ್ಟಳು. ಮೂಲೆಯಲ್ಲಿ ಸಣ್ಣಗೆ ‘ಐವತ್ತು’ ಎಂದಷ್ಟೇ ಇಟ್ಟಳು.

ಪ್ರಿಂಟು ಹಾಕಿಸಲು ಹೋದದ್ದು ಬಸ್ಸಿನ ದಾರಿಯಲ್ಲೇ ಬರುವ ಕಪನೂರಿನ ತಾರಿಖ್‌ನ ಅಂಗಡಿಗೆ. ತಾರಿಖ್ ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡಿಲ್ಲ. ಮೆಷಿನ್ ಓಡುವಷ್ಟು ಹೊತ್ತೂ ಹಾಡು, ಹಾಡಿನ ಮೇಲೆ ಅವನ ಮಾತು. ಆವತ್ತು ಪರದೆಯ ಮೇಲೆ ಡಿಸೈನ್ ತೆರೆದುಕೊಂಡ ಕೂಡಲೇ ಅವನು ಹಾಡು ಬಂದ್ ಮಾಡಿದ. ಮೆಷಿನಿನ ಪಕ್ಕ ಕೈಕಟ್ಟಿ ನಿಂತ. ಫ್ಲೆಕ್ಸನ್ನು ತಾನೇ ಮೆಲ್ಲಗೆ ಸುತ್ತಿ, ರಸ್ತೆಯ ತನಕ ಹೊತ್ತು ತಂದು ಬಸ್ಸಿಗೆ ಏರಿಸಿ, “ಸಂಭಾಳಿಸಿಕೊಂಡು ಹೋಗ್ರಿ” ಎಂದ. ಇಷ್ಟು ದಿನಕ್ಕೆ ಒಬ್ಬನಾದರೂ ನನ್ನ ಡಿಸೈನಿಗೆ ಮರ್ಯಾದೆ ಕೊಟ್ಟ ಎಂದುಕೊಂಡು ಭುವನೇಶ್ವರಿ ಊರ ತನಕ ಹಿಗ್ಗಿದಳು.

ಕಾಕಾ ಮತ್ತು ಅವನ ಹೆಂಡತಿ ಪುತಳಾಬಾಯಿ ಕಾಕು ಹಿಂದಿನ ಸಂಜೆಯೇ ಹೋಟೆಲು ಮುಚ್ಚಿ ಕಲಬುರಗಿಗೆ ಹೋಗಿದ್ದರು. ಬೆಳಿಗ್ಗೆ ಶರಣಬಸವೇಶ್ವರ ಗುಡಿಗೆ ಹೋಗಿ ಬರುವ ಲೆಕ್ಕ. ಭುವನೇಶ್ವರಿ ನಸುಕಿನಲ್ಲಿ ಮಾಳಿಗೆ ಹತ್ತಿ, ಫ್ಲೆಕ್ಸನ್ನು ತಾನೇ ಕಟ್ಟಿ ಕೆಳಗೆ ಬಿಟ್ಟು, ಮೊದಲ ಬಸ್ಸಿಗೆ ಕಾಲೇಜಿಗೆ ಹೋದಳು. ಹಿಂತಿರುಗಿ ನೋಡಿದರೆ ಮುಂಜಾವಿನ ಬೆಳಕಿನಲ್ಲಿ ಕಾಕಾ ಒಬ್ಬನೇ, ಗಂಭೀರವಾಗಿ, ಮುಚ್ಚಿದ ಹೋಟೆಲಿನ ಮೇಲೆ ತೂಗುತ್ತಿದ್ದ. ಬಹಳ ಚಂದ ಕಂಡಿತು.

ಮಧ್ಯಾಹ್ನದ ಹೊತ್ತಿಗೆ ಅಪ್ಪನ ಫೋನು. ದನಿ ಅವನದಲ್ಲ ಅನ್ನುವ ಹಾಗಿತ್ತು.

“ಭುವ್ವಿ, ಮಾಪಣ್ಣಗ ಏನಾಗ್ಯದ? ಫೋನ್ ಬಂದ್ ಅದ. ಮನಿ ಮುಂದ ಮಂದಿ ಕೂಡ್ಯಾರ. ಹ್ಯಾಂಗಾಯ್ತು, ಯಾವಾಗ ತರ್ತೀರಿ ಅಂತ ಕೇಳಾಕತ್ತಾರ.”

“ಏನು ತರೋದು? ಇವತ್ತ ಅವರ ಹುಟ್ಟಿದ ದಿನ ಅಲ್ಲೇನಪ್ಪ.”

“ಮತ್ತ ಹೋಟೆಲ್ ಮ್ಯಾಲ ಆ ಫೋಟೊ ಯಾರು ಹಾಕ್ಯಾರ?”

“ನಾನೇ ಹಾಕೀನಿ.”

ಅಪ್ಪ ಫೋನು ಇಟ್ಟುಬಿಟ್ಟ. ಆಗ ಅವಳಿಗೆ ಎಲ್ಲವೂ ತಿಳಿಯಿತು. ಕಮಲಾಪುರದಲ್ಲಿ ಒಬ್ಬ ಮನುಷ್ಯ ಬಣ್ಣವಿಲ್ಲದೆ, ಸುತ್ತ ಯಾರೂ ಇಲ್ಲದೆ, ಒಬ್ಬನೇ ಫ್ಲೆಕ್ಸಿನಲ್ಲಿ ಕಾಣಿಸಿಕೊಳ್ಳುವುದು ಜೀವಮಾನದಲ್ಲಿ ಒಂದೇ ಸಲ, ಅದೂ ಜೀವ ಹೋದ ಮೇಲೆ. ಹುಟ್ಟಿದಾಗಿನಿಂದ ಅದೇ ಬಸ್ ಸ್ಟ್ಯಾಂಡಿನಲ್ಲಿ ಅಂಥ ಫ್ಲೆಕ್ಸ್ ನೋಡುತ್ತ ಬೆಳೆದವಳು ಅವಳು. ತಾರಿಖ್ ಹಾಡು ಬಂದ್ ಮಾಡಿದ್ದು ಯಾಕೆಂದೂ ಈಗ ಹೊಳೆಯಿತು.

ಕಲಬುರಗಿ ಬಸ್ ಸ್ಟ್ಯಾಂಡಿಗೆ ಓಡಿದರೆ ಕಾಕಾ-ಕಾಕು ಅಲ್ಲೇ ಸಿಕ್ಕರು. ಕಾಕಾ ಹೊಸ ಅಂಗಿ ತೊಟ್ಟಿದ್ದ, ಹಣೆ ತುಂಬ ವಿಭೂತಿ, ಕೈಯಲ್ಲಿ ಪೇಡೆಯ ಡಬ್ಬಿ. ಫೋನು ಗುಡಿಯಲ್ಲಿ ಬಂದ್ ಮಾಡಿದ್ದು ಕಾಕುವಿನ ಚೀಲದ ತಳದಲ್ಲಿತ್ತು. ದಾರಿಯುದ್ದಕ್ಕೂ ಅವಳು ಹೇಳಲು ಬಾಯಿ ತೆರೆದಳು, ತೆರೆದಷ್ಟು ಸಲ ಮುಚ್ಚಿದಳು. “ಫ್ಲೆಕ್ಸ್ ಹ್ಯಾಂಗ ಆಗ್ಯದ ಯವ್ವಾ?” ಎಂದು ಕಾಕಾ ಕೇಳಿದ್ದಕ್ಕೆ, “ಮಂದಿ ಬಹಳ ಕೂಡ್ಯಾರಂತ” ಎಂದಳು. ಅದು ಸುಳ್ಳಂತೂ ಆಗಿರಲಿಲ್ಲ.

ಬಸ್ಸು ಕಮಲಾಪುರದಲ್ಲಿ ನಿಂತಾಗ ಹೋಟೆಲಿನ ಸಾಲಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕಿರಾಣಿ ಮುಚ್ಚಿತ್ತು, ಮೊಬೈಲ್ ಅಂಗಡಿ ಮುಚ್ಚಿತ್ತು, ಕಾಕಾನ ಗೆಳೆಯ ಅಲ್ಲಾಬಕ್ಷನ ಪಂಕ್ಚರ್ ಅಂಗಡಿಯ ಮುಂದೆ ಟೈರುಗಳೂ ಇರಲಿಲ್ಲ. ಫ್ಲೆಕ್ಸಿಗೆ ಮಾರುದ್ದದ ಚೆಂಡುಹೂವಿನ ಹಾರ ಬಿದ್ದಿತ್ತು, ಕೆಳಗೆ ಊದಿನಕಡ್ಡಿ ಉರಿಯುತ್ತಿತ್ತು. ಅದು ಹುಟ್ಟುಹಬ್ಬದ ಫ್ಲೆಕ್ಸ್ ಎಂದು ರೇವಣ ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ನಟ್ಟನಡುವೆ ಗುಂಡಮ್ಮ ಎದೆ ಬಡಿದುಕೊಂಡು ಹಾಡ್ಯಾಡಿ ಅಳುತ್ತಿದ್ದಳು. ಹೋಟೆಲಿನ ಪಕ್ಕ ಕೆಂಪು ಬಾಳೆಹಣ್ಣು ಮಾರುವ ಈ ಗುಂಡಮ್ಮನಿಗೂ ಕಾಕಾನಿಗೂ ಮುಸುರೆ ನೀರು ಚೆಲ್ಲುವ ವಿಷಯಕ್ಕೆ ಜಗಳವಾಗದ ದಿನವಿಲ್ಲ. ಈಗ ನೋಡಿದರೆ, ನನ್ನ ಮಗಳ ಬಾಣಂತನಕ್ಕ ದಿನಾ ಹಾಲು ಕಳಿಸಿದ್ಯೋ ಮಾಪಣ್ಣಾ, ಇನ್ನ ನಾ ಯಾರ ಕೂಡ ಜಗಳಾಡಲೋ ಎಂದು ರಾಗ ತೆಗೆದಿದ್ದಳು.

ಕಣ್ಣೊರೆಸಿ ತಲೆಯೆತ್ತಿದವಳಿಗೆ ಪೇಡೆ ಡಬ್ಬಿ ಹಿಡಿದ ಕಾಕಾ ಕಂಡ. ರಾಗ ಅರ್ಧಕ್ಕೆ ನಿಂತಿತು.

“ಸತ್ತಿಲ್ಲೇನು ನೀ?” ಎಂದಳು. “ಮುಂಜಾನಿಂದ ಅಳಾಕತ್ತೀನಿ. ಒಂದು ಹಣ್ಣ ಮಾರಿಲ್ಲ.”

ಯಾರೂ ನಗಲಿಲ್ಲ. ಅಲ್ಲಾಬಕ್ಷ ಎದ್ದು ಬಂದು ಕಾಕಾನ ಕೈ ಹಿಡಿದುಕೊಂಡ, ಬಿಡಲೇ ಇಲ್ಲ. ಅಷ್ಟರಲ್ಲಿ ರೇವಣ ಜನರನ್ನು ಸರಿಸಿಕೊಂಡು ಬಂದ. ತಮ್ಮನನ್ನು ತಲೆಯಿಂದ ಕಾಲಿನ ತನಕ ನೋಡಿ, ಆಮೇಲೆ ಮಗಳ ಕಡೆ ತಿರುಗಿದ.

“ಬದುಕಿದ ಮನಷ್ಯಾಗ ಹಾರ ಹಾಕಿಸೀದಿ. ಇದೇನು ನಿನ್ನ ಕಲಿಕಿ? ಸಾಕಿನ್ನ. ನಾಳಿಗೇ ನರ್ಸಿಂಗ್ ಕಾಲೇಜಿಗೆ ಹೋಗಿ ಕೇಳಿ ಬರ್ತೀನಿ.”

“ಮೂಲ್ಯಾಗ ಐವತ್ತು ಅಂತ ಬರದೀನಪ್ಪ,” ಎಂದಳು ಭುವನೇಶ್ವರಿ. ಅಳುವೂ ಸಿಟ್ಟೂ ಒಟ್ಟಿಗೇ ಬಂದಿದ್ದವು. “ಯಾರೂ ಓದಿಲ್ಲ ಅಂದ್ರ ನಾ ಏನ್ ಮಾಡಲಿ?”

“ಓದೇವಿ,” ಎಂದಳು ಗುಂಡಮ್ಮನ ಪಕ್ಕದವಳು. “ಐವತ್ತಕ್ಕೇ ಹೋದ ಅಂತ ಮತ್ತಿಷ್ಟು ಅತ್ತೇವಿ.”

ಕಾಕಾ ಈ ಯಾವುದನ್ನೂ ಕೇಳುತ್ತಿರಲಿಲ್ಲ. ಅವನು ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ನೋಡಿದ, ಆಮೇಲೆ ಮೇಲಿದ್ದ ತನ್ನ ಮುಖ ನೋಡಿದ. ಹೋಟೆಲಿನ ಬೀಗ ತೆಗೆಯುತ್ತ ಅಣ್ಣನಿಗೆ, “ನರ್ಸಿಂಗಿಂದು ಆಮ್ಯಾಲ ನೋಡಮು. ಮೊದಲ ಎಲ್ಲಾರಿಗೂ ಚಹಾ ಆಗಲಿ. ಪಾಪ, ಮುಂಜಾನಿಂದ ಅತ್ತಾರ,” ಎಂದ. ಒಲೆ ಹೊತ್ತಿಸಿದ ಮೇಲೆ ಭುವನೇಶ್ವರಿಯನ್ನು ಕರೆದು, ಇನ್ನೊಂದು ಫ್ಲೆಕ್ಸ್ ಬೇಕು, ಬಣ್ಣದ್ದು, ಅತ್ತವರ ಮುಖ ಒಂದೂ ಬಿಡಬಾರದು ಎಂದ. “ಸಿಂಹ ಇರಲಿ. ನಾ ಅದೀನಿ ಅಂತ ಮಂದಿಗೆ ತಿಳೀಬೇಕಲ್ಲ.”

ಅವಳು ಹಲ್ಲುಕಚ್ಚಿ ಕೂತಳು. ಬಿಳಿ ಜಾಗ ಬಿಡುವುದು ಸುಲಭವಿತ್ತು. ಆ ಇಡೀ ಬಸ್ ಸ್ಟ್ಯಾಂಡನ್ನು ಒಂದು ಚೌಕಟ್ಟಿನಲ್ಲಿ, ಯಾರ ಮನಸ್ಸೂ ಮುರಿಯದ ಹಾಗೆ ಕೂರಿಸುವುದು ಯಾವ ಅಸೈನ್‌ಮೆಂಟಿಗಿಂತಲೂ ಕಠಿಣವಾಗಿತ್ತು. ಗುಂಡಮ್ಮನನ್ನು ಎಲ್ಲಿಟ್ಟರೂ ಅಲ್ಲಾಬಕ್ಷ ಸಣ್ಣವನಾದ, ಅಲ್ಲಾಬಕ್ಷನನ್ನು ಮೇಲೆತ್ತಿದರೆ ಸಿಂಹದ ಬಾಯಿಗೆ ಬಿದ್ದ. ಕೊನೆಗೆ ಸಿಂಹವನ್ನೇ ಸಣ್ಣ ಮಾಡಿ, ಕಾಕಾನ ಒಂದು ಪಕ್ಕ ಗುಂಡಮ್ಮ, ಇನ್ನೊಂದು ಪಕ್ಕ ಅಲ್ಲಾಬಕ್ಷನನ್ನು ಇಟ್ಟಳು. ಕಪನೂರಿನಲ್ಲಿ ಅದನ್ನು ನೋಡಿದ ತಾರಿಖ್ “ಯಾ ಅಲ್ಲಾ, ಇದ್ದಾರೇನ್ರಿ ಅವರು?” ಎಂದು ಕೇಳಿ, ಹಾಡು ಜೋರಾಗಿ ಹಚ್ಚಿದ.

ಆ ಫ್ಲೆಕ್ಸ್ ಏರಿದ ದಿನ ಹೋಟೆಲಿನ ಮುಂದೆ ಮತ್ತೆ ಮಂದಿ ಕೂಡಿದರು; ತಮ್ಮ ತಮ್ಮ ಮುಖ ಹುಡುಕಿಕೊಂಡರು. ರೇವಣ ದೂರ ನಿಂತು ನೋಡಿದ. ನರ್ಸಿಂಗ್ ಕಾಲೇಜಿಗೆ ಅವನು ಇನ್ನೂ ಹೋಗಿರಲಿಲ್ಲ. “ಈ ಸಲ ಪಾಸಾದ್ರ ನೋಡಮು” ಎಂದಷ್ಟೇ ಹೇಳಿದ.

ಭುವನೇಶ್ವರಿ ನಾಲ್ಕನೆಯ ಸಲ ಬರೆದಳು. ಏನು ಹಾಕಿದೆ, ಯಾರು ಅತ್ತರು, ಯಾವ ಅಂಗಡಿ ಮುಚ್ಚಿತು ಎಂದು ಆದದ್ದನ್ನು ಆದ ಹಾಗೆ. ಕೊನೆಗೆ, ‘ನನ್ನ ಕೆಲಸವನ್ನು ಊರಿನವರು ಸರಿಯಾಗಿಯೇ ಓದಿದರು. ಓದದೆ ತೂಗುಹಾಕಿದವಳು ನಾನು. ಎಷ್ಟು ಮುಂದೆ ಬಂದಿದ್ದೇನೆಂದು ಗೊತ್ತಿಲ್ಲ, ಆ ಬಸ್ ಸ್ಟ್ಯಾಂಡಿನ ತನಕವಂತೂ ಬಂದಿದ್ದೇನೆ’ ಎಂದು ಸೇರಿಸಿದಳು. ಕೌಸರ್ ಮೇಡಂ ಓದುತ್ತ ಓದುತ್ತ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡರು. ನಗು ನಿಂತ ಮೇಲೆ ಸಹಿ ಮಾಡಿ, ಎರಡೂ ಫ್ಲೆಕ್ಸ್ ತರಲು ಹೇಳಿದರು.

ಅವಳು ಪಾಸಾದಳು. ಪರೀಕ್ಷಕರು ಕಪ್ಪು-ಬಿಳುಪಿನದನ್ನು ಕಾಲೇಜಿನ ಗೋಡೆಗೆ ಕೊಟ್ಟುಬಿಡು ಎಂದು ಕೇಳಿದರು. ಅದು ನನ್ನದಲ್ಲ, ವಾಪಸು ಕೊಡಬೇಕು ಎಂದು ಅವಳು ಸುತ್ತಿಕೊಂಡು ಬಂದಳು. ಒಯ್ಯುವಾಗ ಕಾಕಾ ಎರಡೆರಡು ಸಲ ಹೇಳಿ ಕಳಿಸಿದ್ದ.

ಅವಳು ಹೋದಾಗ ಕಾಕಾ ಕೈ ಒರೆಸಿಕೊಂಡು ಫ್ಲೆಕ್ಸನ್ನು ಇಸಿದುಕೊಂಡ. ಒಮ್ಮೆ ಬಿಡಿಸಿ ನೋಡಿ, ಅಚ್ಚುಕಟ್ಟಾಗಿ ಮಡಿಸಿ, ಒಳಗಿನ ಟ್ರಂಕಿನಲ್ಲಿ ಕಾಕುವಿನ ಮದುವೆ ಸೀರೆಯ ಕೆಳಗೆ ಇಟ್ಟ.

“ಇದು ಇಲ್ಲೇ ಇರಲಿ. ಛಲೋ ಬಂದದ,” ಎಂದ. “ನಾ ಹೋದ ದಿನ ಇವರು ಗಡಬಿಡ್ಯಾಗ ಮತ್ತ ಸಿಂಹ ಹಾಕ್ತಾರ. ನೀ ಬಿಡಬ್ಯಾಡ.”

ಇಡೀ ಸೆಮಿಸ್ಟರ್ ಎಲ್ಲರ ಮೇಲೂ ಸಿಡುಕಿದವಳಿಗೆ ಆಗ ಸಿಡುಕಲೂ ಬರಲಿಲ್ಲ. ಟ್ರಂಕಿನ ಮುಚ್ಚಳ ತಾನೇ ಹಾಕಿ, ತೋಚಿದ ಒಂದೇ ಮಾತು ಆಡಿದಳು. “ಕಾಕಾ, ಆ ಮೂಲ್ಯಾಗಿನ ಐವತ್ತು ಬದಲ್ ಮಾಡಬೇಕಾಗ್ತದ.”

“ಮಾಡಂತಿ,” ಎಂದ ಕಾಕಾ, ಮಿರ್ಚಿಯ ಹಿಟ್ಟಿಗೆ ಕೈ ಹಾಕುತ್ತ. “ಜಲ್ದಿ ಏನಿಲ್ಲ.”