ಮೊಳೆಗೆ ನೇತುಬಿದ್ದ ಕನ್ನಡಕ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ನನ್ನ ಅಭ್ಯಾಸ ನಿಮಗೆ ಗೊತ್ತು. ಹೊಸ್ತಿಲು ದಾಟಿ ಬಾವಿಕಟ್ಟೆಗೆ ಹೋಗಲು ನನ್ನ ಪಾತ್ರಗಳಿಗೆ ನಾಲ್ಕು ಪುಟ ಬೇಕು. ದಾರಿಯಲ್ಲಿ ಎಮ್ಮೆ ಎದುರಾದರೆ ಐದು. ಈ ಸಲ ಸಂಪಾದಕರು ಫೋನ್ ಮಾಡಿ, "ಪದಗಳಿಗೂ ಒಂದು ಬಜೆಟ್ ಇರಲಿ ಸಾರ್" ಎಂದರು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಎಮ್ಮೆಯನ್ನು ಕೈಬಿಟ್ಟಿದ್ದೇನೆ.

(ಒಳ್ಳೆಯ ಎಮ್ಮೆ. ಹಣೆಯ ಮೇಲೊಂದು ಬಿಳಿ ಚುಕ್ಕೆ ಇತ್ತು.)

೨

ಹಿಟ್ಟಿನ ಮಿಲ್ಲಿನ ಹಿಂದೆ ಒಂದು ವೇಬ್ರಿಜ್ ಇದೆ. ನೆಲಮಟ್ಟಕ್ಕೆ ಹಾಸಿದ ಕಬ್ಬಿಣದ ಹಲಗೆ, ಪಕ್ಕದಲ್ಲಿ ಒಬ್ಬ ಕೂರುವಷ್ಟು ಜಾಗದ ಕೋಣೆ. ಕಾಳು ಹೊತ್ತ ಲಾರಿ ಬಂದು ನಿಂತಾಗ ಒಂದು ತೂಕ, ಇಳಿಸಿ ಹೊರಡುವಾಗ ಖಾಲಿ ಲಾರಿಯ ತೂಕ. ಎರಡರ ವ್ಯತ್ಯಾಸವೇ ಕಾಳು. ಆ ಕೋಣೆಯಲ್ಲಿ ಕೂರುವವನನ್ನು ಎಲ್ಲರೂ ತೂಕದಣ್ಣ ಎನ್ನುತ್ತಾರೆ. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಅವಳು ಟೈಲರಕ್ಕ. ಜೊತೆಗೆ ತೂಕದಣ್ಣನ ತಾಯಿ. ಮನೆಯಲ್ಲಿ ಈ ಮೂವರೇ.

ದುಡಿಯುವ ಕೈ ಎರಡು ಜೊತೆಯಿದ್ದರೂ ಸಂಬಳ ತಿಂಗಳ ನಡುವಿಗೇ ಕರಗುತ್ತಿತ್ತು. ದೊಡ್ಡ ಖರ್ಚೇನೂ ಇಲ್ಲ. ಎಲ್ಲ ಚಿಲ್ಲರೆ ಖರ್ಚು, ಇರುವೆಯ ಸಾಲಿನಂತೆ. ಖರ್ಚಿಗೊಂದು ಲಕೋಟೆ ಮಾಡಿ ನೋಡಿದರು. ಸೋಪಿನ ಲಕೋಟೆ ಎಣ್ಣೆಯ ಲಕೋಟೆಯಿಂದ ಸಾಲ ಎತ್ತಿತು. ಫೋನಿನಲ್ಲಿ ಬಜೆಟ್ ಆ್ಯಪ್ ಹಾಕಿದರು. ಅದನ್ನು ನಡೆಸಲು ರೀಚಾರ್ಜ್ ಬೇಕಾಯಿತು.

ಕೊನೆಗೆ ಹಲಗೆಯ ಮೇಲೆ ನಿಂತ ಒಂದು ಖಾಲಿ ಲಾರಿಯನ್ನು ನೋಡುತ್ತ ತೂಕದಣ್ಣನಿಗೆ ಅವನದೇ ಉಪಾಯ ಹೊಳೆಯಿತು.

೩

ಉಪಾಯ ಇಷ್ಟೆ. ಏನು ಬೇಕಾದರೂ ತಕ್ಷಣ ಕೊಳ್ಳುವಂತಿಲ್ಲ. ಮುಗಿದ ಡಬ್ಬಿ, ಹರಿದ ಚಪ್ಪಲಿ, ಮುರಿದ ಸೌಟು, ಏನಿದೆಯೋ ಅದನ್ನೇ ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಬೇಕು. ಒಂದು ವಾರ ಅದನ್ನು ಮುಟ್ಟಬಾರದು. ಅದಿಲ್ಲದೆ ಮನೆ ನಡೆದರೆ ಅದು ಬೇಕಿರಲೇ ಇಲ್ಲ. ಆ ದುಡ್ಡು ಉಳಿತಾಯದ ಡಬ್ಬಿಗೆ. ನಡೆಯದಿದ್ದರೆ ಮಾತ್ರ ಅಂಗಡಿಗೆ.

"ತುಂಬಿದ್ದು ಒಂದು ತೂಕ, ಖಾಲಿ ಒಂದು ತೂಕ" ಎಂದ ಹೆಂಡತಿಗೆ. "ವ್ಯತ್ಯಾಸ ಕಂಡರೆ ತಗೋ. ಕಾಣದಿದ್ರೆ ಸುಮ್ನೆ ಹೊರೆ."

ಒಪ್ಪಿಕೊಳ್ಳುತ್ತೇನೆ, ಉಪಾಯ ಫಲಿಸಿತು. ಕರಿದ ತಿಂಡಿಯ ಪೊಟ್ಟಣ ನೇತುಬಿತ್ತು, ಯಾರೂ ನೆನೆಯಲಿಲ್ಲ. ಟಿವಿ ರಿಮೋಟ್ ನೇತುಬಿತ್ತು, ಮನೆ ಮಂದಿ ಮಾತಾಡಲು ಕಲಿತರು. ತೂಕದಣ್ಣ ತನ್ನ ಚಪ್ಪಲಿಯನ್ನೂ ನೇತುಹಾಕಿ, ಕಾದ ಹಲಗೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಓಡಾಡಿದ. ಮೋಸಗಾರನಲ್ಲ ಮನುಷ್ಯ.

ತಾಯಿಯ ಮೊಣಕಾಲಿನ ಮುಲಾಮಿನ ಟ್ಯೂಬು ನೇತುಬಿದ್ದಾಗ ಮುದುಕಿ ಬೀದಿಗೆ ಕೇಳುವಂತೆ ನರಳಿದರು. ಮಾರನೆಯ ದಿನವೇ ಮುಲಾಮು ಬಂತು. ಚಹಾಪುಡಿಯ ಡಬ್ಬಿ ನೇತುಬಿದ್ದ ದಿನ ತೂಕದಣ್ಣ ಲಾರಿ ಡ್ರೈವರನ ಕಾಲರ್ ಹಿಡಿದ. ಸಂಜೆಯೇ ಚಹಾಪುಡಿ ಬಂತು.

ಆಮೇಲೆ ಟೈಲರಕ್ಕನ ಕನ್ನಡಕ ನೇತುಬಿತ್ತು.

೪

ಒಂದು ಗಾಜು ಸೀಳು ಬಿಟ್ಟಿತ್ತು, ಕಡ್ಡಿಗೆ ದಾರ ಸುತ್ತಿತ್ತು, ನಂಬರ್ ಯಾವತ್ತೋ ಬದಲಾಗಿತ್ತು. ಹೊಸದು ಬೇಕು ಎಂದು ಅವಳು ನಿಯಮದಂತೆ ಅದನ್ನು ಬಿಚ್ಚಿ ಮೊಳೆಗೆ ಸಿಕ್ಕಿಸಿದಳು. ಮನೆ ತುಂಬ ಶಾಲೆಯ ಯೂನಿಫಾರ್ಮಿನ ಬಟ್ಟೆ ಬಿದ್ದಿತ್ತು.

ಇಲ್ಲಿ ನನ್ನ ಮೊದಲ ಡ್ರಾಫ್ಟ್ ಸಲೀಸಾಗಿ ಹರಿಯಿತು. ಕಣ್ಣು ಕಾಣದೆ ಅವಳು ಅಂಗಿಗಳಿಗೆಲ್ಲ ಜೇಬನ್ನು ಬಲಗಡೆಗೆ ಹೊಲಿಯುತ್ತಾಳೆ. ಶಾಲೆಯವರು ಅಷ್ಟನ್ನೂ ತಂದು ಅಂಗಳದಲ್ಲಿ ಸುರಿಯುತ್ತಾರೆ. ತೂಕದಣ್ಣ ತಲೆ ತಗ್ಗಿಸಿ ಕನ್ನಡಕದ ಅಂಗಡಿಗೆ...

"ಅಣ್ಣಾ, ಒಂದು ನಿಮಿಷ."

ಟೈಲರಕ್ಕ. ಕತ್ತರಿ ಕೈಯಲ್ಲೇ ಇತ್ತು.

"ಹೇಳಮ್ಮ."

"ಜೇಬು ಬಲಗಡೆ ಹೊಲಿದೆ ಅಂತ ಬರ್ದಿದೀರಲ್ಲ. ನಾನು ಹಾಗೆ ಹೊಲಿಯೋಳಲ್ಲ."

"ಕಣ್ಣು ಕಾಣಿಸ್ತಿರಲಿಲ್ಲವಲ್ಲ."

"ಕಾಣಿಸದಿದ್ರೆ ಕೈಗೆ ಗೊತ್ತಾಗಲ್ವಾ? ಅಳತೆ ಟೇಪಿಗೆ ಅಲ್ಲಲ್ಲಿ ದಾರದ ಗಂಟು ಕಟ್ಕೊಂಡೆ. ಸೂಜಿಗೆ ದಾರ ಬೆರಳ ತುದೀಲಿ ತಡಕಿ ಪೋಣಿಸ್ದೆ. ಕಿಟಕಿ ಬೆಳಕು ಇರೋವಷ್ಟು ಹೊತ್ತು ಹೊಲಿದೆ, ತಲೆ ಸಿಡಿದಾಗ ಒದ್ದೆ ಬಟ್ಟೆ ಕಟ್ಕೊಂಡೆ. ಒಂದು ಕಾಜಾ ತಪ್ಪಿಲ್ಲ. ಬೇಕಾದ್ರೆ ಎಣಿಸ್ಕೊಳ್ಳಿ."

ನಿಜ. ಒಂದೂ ತಪ್ಪಿರಲಿಲ್ಲ.

ಹಾಗಾಗಿ ವಾರ ಮುಗಿದಾಗ ತೂಕದಣ್ಣ ಆ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡಿ, ಮೆಚ್ಚಿ ತಲೆದೂಗಿದ. "ನಡೀತಲ್ಲ!" ಎಂದ. ಕನ್ನಡಕವನ್ನು ಮೊಳೆಯಿಂದ ತೆಗೆದು ಟ್ರಂಕಿನ ತಳಕ್ಕೆ ಹಾಕಿದ. ದುಡ್ಡು ಉಳಿತಾಯದ ಡಬ್ಬಿಗೆ ಬಿತ್ತು. ಆವರೆಗಿನ ಅತಿ ದೊಡ್ಡ ಉಳಿತಾಯ ಅದು.

ಟೈಲರಕ್ಕ ಅಂಗಿಗಳನ್ನು ಮತ್ತೆ ಮಡಿಸಿಟ್ಟಳು.

(ನನ್ನ ಮೈ ಉರಿಯಿತು. ನಿಮಗೆ ಉರಿಯಲಿಲ್ಲವೇ?)

೫

ಪಾತ್ರಗಳ ಜೊತೆ ಜಗಳವಾಡುವುದು ಲೇಖಕನಿಗೆ ಶೋಭೆಯಲ್ಲ ಅನ್ನುತ್ತಾರೆ. ನಾನು ವೇಬ್ರಿಜ್‌ಗೇ ಹೋದೆ.

"ಏನಯ್ಯಾ, ನಿನ್ನ ಚಹಾಕ್ಕೆ ಒಂದು ದಿನ ತಡೀಲಿಲ್ಲ. ಅವಳ ಕಣ್ಣಿಗೆ ವಾರ ತಡೀಬೇಕಾ?"

"ಸ್ವಾಮಿ, ನಿಯಮ ಎಲ್ರಿಗೂ ಒಂದೇ. ನನಗೆ ನಡೀಲಿಲ್ಲ, ತಂದ್ಕೊಂಡೆ. ಅವಳಿಗೆ ನಡೀತು."

"ನಡೀಲಿಲ್ಲ ಕಣೋ, ಅವಳು ನಡೆಸಿದ್ಲು!"

"ಒಂದು ಮಾತು ಹೇಳ್ಬಹುದಿತ್ತಲ್ಲ? ಅಮ್ಮ ನರಳಿದ್ರು, ತಂದ್ಕೊಟ್ಟೆ. ಬಾಯಿ ಬಿಡದೋರ ತೂಕ ನಾನು ಹೇಗೆ ಹಾಕ್ಲಿ?" ಅಷ್ಟರಲ್ಲಿ ಲಾರಿ ಬಂತು. ಅವನು ಮುಖ ತಿರುಗಿಸಿದ. "ಅದಿರಲಿ, ನಿಮ್ಮ ಕತೇಲಿ ಅವಳಿಗೆ ಮಾತು ಶುರುವಾಗಿದ್ದು ನಾಲ್ಕನೇ ಭಾಗದಲ್ಲಿ. ಅದೂ ಅವಳೇ ಬಾಯಿ ಹಾಕಿದ್ಮೇಲೆ. ಅಲ್ಲಿವರೆಗೂ ನಿಮಗೂ ನಡೀತಿತ್ತಲ್ಲ?"

ಈ ಮಾತನ್ನು ಅವನಿಗೆ ನಾನು ಬರೆದುಕೊಟ್ಟಿರಲಿಲ್ಲ.

೬

ಎರಡನೇ ಡ್ರಾಫ್ಟ್. ಸೂಜಿ ಅವಳ ಬೆರಳಿಗೆ ಇಳಿಯುತ್ತದೆ. ಬಿಳಿ ಅಂಗಿಯ ಮೇಲೆ ರಕ್ತ. ಗಂಡ ಓಡಿ ಬರುತ್ತಾನೆ, ಕಣ್ಣಲ್ಲಿ ನೀರು.

"ನನ್ನ ಬೆರಳು ನಿಮಗೇನಣ್ಣ ಮಾಡಿತ್ತು?" ಎಂದಳು ಟೈಲರಕ್ಕ.

"ನಿನ್ನ ಒಳ್ಳೇದಕ್ಕೇ ಕಣಮ್ಮ. ಕನ್ನಡಕ ಬರಬೇಕಲ್ಲ."

"ಅವರು ಅಂತಾರೆ, ಕೆಲಸ ಕೆಟ್ರೆ ಕನ್ನಡಕ. ನೀವು ಅಂತೀರಿ, ಬೆರಳು ತೂತಾದ್ರೆ ಕನ್ನಡಕ. ನಿಮಗೂ ಅವರಿಗೂ ಏನು ವ್ಯತ್ಯಾಸ?" ಅವಳ ದನಿ ಏರಲಿಲ್ಲ. "ನನ್ನ ಕೆಲಸ ಚೆನ್ನಾಗೇ ಇರಬೇಕು. ಬೆರಳೂ ಇರಬೇಕು. ಕನ್ನಡಕಾನೂ ಬೇಕು. ಹಾಗೆ ಬರಿಯೋಕೆ ಬರಲ್ವಾ ನಿಮಗೆ?"

ಬರುತ್ತಿರಲಿಲ್ಲ. ಕಷ್ಟ ಕೊಡದೆ ಸುಖ ಕೊಡುವುದನ್ನು ನಾನು ಎಲ್ಲಿಯೂ ಕಲಿತಿಲ್ಲ. ಎರಡನೇ ಡ್ರಾಫ್ಟನ್ನೂ ಹರಿದೆ.

೭

ಮುಂದಿನದನ್ನು ಬರೆದದ್ದು ನಾನಲ್ಲ. ನಾನು ಅವಳನ್ನು ಬಸ್ ಸ್ಟಾಪಿನವರೆಗೆ ಬರೆದು ಚಹಾ ಕುಡಿಯಲು ಎದ್ದಿದ್ದೆ.

ಅವಳು ಯೂನಿಫಾರ್ಮಿನ ಗಂಟನ್ನು ಶಾಲೆಗೆ ಒಪ್ಪಿಸಿದಳು. ಹೊಲಿಗೆಯ ದುಡ್ಡನ್ನು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಪ್ರತಿ ಸಲ ಅದು ನೇರ ಮನೆಯ ಡಬ್ಬಿಗೆ ಹೋಗುತ್ತಿತ್ತು. ಈ ಸಲ ಅವಳು ಒಂದು ಸ್ಟಾಪ್ ಮೊದಲೇ ಇಳಿದು, ಕನ್ನಡಿಗಳೇ ತುಂಬಿದ ಒಂದು ಅಂಗಡಿಯ ಮೆಟ್ಟಿಲು ಹತ್ತಿದಳು. ಅಂಗಡಿಯವನು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಎದುರಿನ ಅಕ್ಷರಗಳಿಗೆ ದೀಪ ಹಾಕಿದ.

"ಎಷ್ಟು ದಿನದಿಂದ ಕಾಣ್ತಿಲ್ಲಮ್ಮ?"

"ಕಾಣ್ತದೆ" ಎಂದಳು ಟೈಲರಕ್ಕ. "ಇನ್ನೂ ಚೆನ್ನಾಗಿ ಕಾಣ್ಬೇಕು."

೮

ಅದೇ ಸಂಜೆ ಮನೆಯಲ್ಲಿ ಅವಳ ಅತ್ತೆ, ನರಳದೆ, ಕುರ್ಚಿಯಿಂದ ಎದ್ದರು. ರಜೆ ಹಾಕಿ ಮಲಗಿದ್ದ ಮಗ ಕಣ್ಣುಜ್ಜಿಕೊಂಡು ಹೊರಬಂದಾಗ ಮೊಳೆಗೆ ಅವನ ಊಟದ ಕ್ಯಾರಿಯರ್ ನೇತಾಡುತ್ತಿತ್ತು.

"ಏನಮ್ಮಾ ಇದು?"

"ಅವಳು ತುಂಬ್ಸಿ ಕೊಡೋದು ವಾರ ಇಲ್ದೆ ನಡೀತದಾ ನೋಡೋಣ ಕಣೋ. ನಿನ್ನದೇ ಲೆಕ್ಕ."

ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ಟೈಲರಕ್ಕ ಬಂದಳು. ಮುಖದ ಮೇಲೆ ಹೊಸ ಕನ್ನಡಕ. ಗಂಡನನ್ನು ಪಾದದಿಂದ ತಲೆಯವರೆಗೆ ನಿಧಾನವಾಗಿ ನೋಡಿದಳು, ತುಂಬ ದಿನದ ಮೇಲೆ ಸರಿಯಾಗಿ ಕಾಣುತ್ತಿರುವವರಂತೆ. ತೂಕದಣ್ಣ ಬಾಯಿ ತೆರೆದ.

ಏನೆಂದ? ಹೇಳಬಹುದು. ಮೂರು ಥರ ಬರೆದಿಟ್ಟಿದ್ದೇನೆ. ಒಂದರಲ್ಲಿ ನಗುತ್ತಾನೆ, ಒಂದರಲ್ಲಿ ದುಡ್ಡಿನ ಲೆಕ್ಕ ಕೇಳುತ್ತಾನೆ, ಇನ್ನೊಂದನ್ನು ನಾನೇ ಎರಡನೇ ಸಲ ಓದಿಲ್ಲ. ಮೂರನ್ನೂ ಮೊಳೆಗೆ ಸಿಕ್ಕಿಸಿದ್ದೇನೆ. ಒಂದು ವಾರ ಮುಟ್ಟಬೇಡಿ. ಅಂತ್ಯ ಬೇಕೇ ಬೇಕು ಅನ್ನಿಸಿದರೆ ನರಳಿ, ಇಲ್ಲವೇ ಯಾರದಾದರೂ ಕಾಲರ್ ಹಿಡಿಯಿರಿ. ನೀವು ಸುಮ್ಮನೆ ಹಲ್ಲು ಕಚ್ಚಿ ನಿಮ್ಮ ಕೆಲಸ ನೋಡಿಕೊಂಡು ಹೋದರೆ, ನಿಮಗೆ ಅದು ಬೇಕಿರಲಿಲ್ಲ ಎಂದು ಬರೆದುಕೊಳ್ಳುತ್ತೇನೆ.

ಸಿಟ್ಟು ಬಂತಾ?

ಬರಲಿ.