ಬರ್ತಿದ್ದೆ

ತನುಜಾಳಿಗೆ ಆ ಭಾನುವಾರ ಭದ್ರಾವತಿಗೆ ಹೋಗುವ ಮನಸ್ಸು ಸುತರಾಂ ಇರಲಿಲ್ಲ. ಬಾಲ್ಯದ ಗೆಳತಿ ಅತೀಕಾಳ ತಮ್ಮ ಜಮ್ಶೀದ್ ಹದಿನೈದು ದಿನ ಮೊದಲೇ ಶಿವಮೊಗ್ಗಕ್ಕೆ ಬಂದು, ತನ್ನ ಮದುವೆಯ ಕಾರ್ಡನ್ನು ಕೈಗೇ ಕೊಟ್ಟು, "ಅಕ್ಕಾ, ಭಾನುವಾರ ಮಧ್ಯಾಹ್ನ ವಲೀಮಾ ಊಟ. ನೀವು ಬರ್ಲೇಬೇಕು" ಅಂದಿದ್ದ. "ನೋಡೋಣ ಕಣೋ" ಅಂದಿದ್ದಳು ಇವಳು. ನಮ್ಮ ಕಡೆ ನೋಡೋಣ ಅಂದರೆ ಬರಲ್ಲ ಅಂತಲೇ ಅರ್ಥ. ಅದು ಜಮ್ಶೀದನಿಗೂ ಗೊತ್ತು. ಅರ್ಧ ಚಹಾ ಕುಡಿದು ಎದ್ದುಹೋದ.

ತನುಜಾ, ಅತೀಕಾ ಇಬ್ಬರೂ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆಯಲ್ಲಿ ಬೆಳೆದವರು. ಅತೀಕಾ ಹೆತ್ತ ತಾಯಿಯನ್ನು ಅಮ್ಮಿ ಅನ್ನುವಳು, ತನುಜಾಳ ತಾಯಿ ಬಸವರಾಜೇಶ್ವರಿಯನ್ನು ಅಮ್ಮ ಅನ್ನುವಳು. ಹಬ್ಬದ ದಿನ ಹೆಂಚಿನಿಂದ ಇಳಿದ ಮೊದಲ ಹೋಳಿಗೆ ಅವಳ ಪಾಲಿಗೆ. ಅದಕ್ಕಾಗಿ ತನುಜಾ ಎಷ್ಟೋ ಸಲ ಅತ್ತು ರಂಪ ಮಾಡಿದ್ದುಂಟು. ಅಂಥ ಗೆಳತಿಯ ಜೊತೆ ಈಗ ಎರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಕಾರಣ ಒಂದು ಮೆಸೇಜು.

ಅಮ್ಮ ಕೊನೆಗಾಲದಲ್ಲಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ತನುಜಾ ಮಂಚದ ಪಕ್ಕದಿಂದ ಕದಲಲಿಲ್ಲ. ಮಣ್ಣು ಮಾಡಿ ಮನೆಗೆ ಬಂದ ಸಂಜೆ ಫೋನು ನೋಡಿದರೆ, ಸಾವಿನ ಸುದ್ದಿ ಕೇಳಿ ಅತೀಕಾ ಬರೆದಿದ್ದಳು: "ಅಮ್ಮನ್ನ ನೋಡೋಕೆ ಬರ್ತಿದ್ದೆ ಕಣೆ." ಅಷ್ಟೇ. ತನುಜಾಳಿಗೆ ಮೈಯೆಲ್ಲ ಉರಿದುಹೋಯಿತು. ಬರ್ತಿದ್ದಳಂತೆ. ಯಾವಾಗ ಬರ್ತಿದ್ದಳು? ವಾರ್ಡಿನ ಬಾಗಿಲಲ್ಲಿ ಒಂದು ದಿನವಾದರೂ ತಲೆ ಹಾಕಿದ್ದಳಾ? ಸತ್ತವರ ವಿಷಯದಲ್ಲೂ ಸುಳ್ಳು ಹೇಳುವಷ್ಟು ಕೆಟ್ಟುಹೋದಳಾ ಇವಳು? ಉತ್ತರ ಕೊಡಲಿಲ್ಲ. ಆಮೇಲೆ ಅತೀಕಾ ನಾಲ್ಕು ಸಲ ಫೋನ್ ಮಾಡಿದಳು, ತನುಜಾ ಎತ್ತಲಿಲ್ಲ.

ಈ ತನುಜಾ ಮಾಡುವ ಕೆಲಸವೇನು ಗೊತ್ತೇ? ಪಿಯುಸಿ ಮಕ್ಕಳಿಗೆ ಮನೆಯಲ್ಲಿ ಫ್ರೆಂಚ್ ಟ್ಯೂಷನ್. ಕನ್ನಡ ತಗೊಂಡರೆ ಅಂಕ ಕಮ್ಮಿ ಬರುತ್ತದೆ ಎಂದು ಹೆದರಿ ಫ್ರೆಂಚ್ ತಗೊಂಡವರು, ಆಮೇಲೆ ಕ್ರಿಯಾಪದಗಳ ಕಾಟ ತಾಳಲಾರದೆ ಇವಳ ಹತ್ತಿರ ಬರುತ್ತಾರೆ. ಆ ಭಾನುವಾರ ಬೆಳಿಗ್ಗೆ ಬಂದಿದ್ದವಳು ಕವನಾ. ನಡೆಯಬಹುದಾಗಿತ್ತು, ಆದರೆ ನಡೆಯಲಿಲ್ಲ ಎನ್ನುವುದನ್ನು ಹೇಳುವ ಕ್ರಿಯಾರೂಪ ಅಂದಿನ ಪಾಠ. "ನೀನು ಕರೆದಿದ್ದರೆ ನಾನು ಬರುತ್ತಿದ್ದೆ" ಎಂಬುದನ್ನು ಫ್ರೆಂಚಿಗೆ ತರಬೇಕಿತ್ತು. ಕವನಾ ಕೊನೆಗೆ 'ಜ ವೆನೆ' ಎಂದು ಬರೆದಿದ್ದಳು. ತನುಜಾ ಅದನ್ನು ಹೊಡೆದುಹಾಕಿ 'ಜ ಸೆರೆ ವೆನ್ಯು' ಎಂದು ತಿದ್ದಿದಳು.

"ಸೆರೆ ಅಂದ್ರೆ ಜೈಲಲ್ವಾ ಮಿಸ್?"

"ತಮಾಷೆ ಸಾಕು. ನೀನು ಬರೆದಿರೋದು ದಿನಾ ಬರ್ತಿದ್ದೆ ಅಂತ ಆಯ್ತು. ಇಲ್ಲಿ ಹೇಳ್ತಿರೋಳು ಬಂದೇ ಇಲ್ಲ. ಬರೋ ಮನಸ್ಸಿತ್ತು, ಆಗ್ಲಿಲ್ಲ."

"ಕನ್ನಡದಲ್ಲಿ ಎರಡಕ್ಕೂ ಬರ್ತಿದ್ದೆ ಅಂತಾನೇ ಅಲ್ವಾ? ಚಿಕ್ಕೋಳಿದ್ದಾಗ ದಿನಾ ಬರ್ತಿದ್ದೆ. ಕರೆದಿದ್ರೆ ಬರ್ತಿದ್ದೆ."

"ಕರೆದಿದ್ರೆ ಅಂತ ಮುಂದೆ ಇರುತ್ತಲ್ಲ, ಅದ್ರಲ್ಲಿ ಗೊತ್ತಾಗುತ್ತೆ."

"ಅದನ್ನ ಬರೀದೇ ಬಿಟ್ರೆ ಮಿಸ್?"

ಬಿಟ್ರೆ ಏನೂ ಗೊತ್ತಾಗಲ್ಲ ಎನ್ನಲು ಬಾಯಿ ತೆರೆದ ತನುಜಾ ಹಾಗೇ ಕೂತಳು. ಹುಡುಗಿಗೆ ಹೆದರಿಕೆಯಾಯಿತು, ಮಿಸ್ ನೀರು ಕೊಡ್ಲಾ ಎಂದು ಕೇಳಿತು. ತನುಜಾ ಫೋನ್ ತೆಗೆದು, ಎರಡು ವರ್ಷ ಹಿಂದಕ್ಕೆ ಹೋಗಿ, ಆ ಒಂದು ಸಾಲನ್ನು ಓದಿದಳು. ಎಷ್ಟು ಮಕ್ಕಳ ಪುಸ್ತಕದಲ್ಲಿ ಈ ತಪ್ಪಿಗೆ ಕೆಂಪು ಗೆರೆ ಹಾಕಿದ್ದಳೋ ಲೆಕ್ಕವಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಇದೇ.

"ಇವತ್ತಿಗೆ ಸಾಕು, ಮನೆಗೆ ಹೋಗು ಪುಟ್ಟಾ" ಅಂದಳು.

ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಇನ್ನೊಂದು ಯೋಚನೆ ಶುರುವಾಯಿತು. ಬರ್ತಿದ್ದೆ ಸರಿ, ಏನಾಗಿದ್ದರೆ ಬರ್ತಿದ್ದಳು? ಬಸ್ಸು ಮಲವಗೊಪ್ಪ ದಾಟುವ ಹೊತ್ತಿಗೆ ಅದೂ ಹೊಳೆಯಿತು. ಅಮ್ಮನಿಗೆ ಹುಷಾರಿಲ್ಲ ಎಂದು ಅತೀಕಾಳಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಹೇಳಬೇಕಾದವಳು ತಾನೇ. ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ತಾನು ಅತೀಕಾಳಿಗೆ ಒಂದು ಫೋನ್ ಮಾಡಿರಲಿಲ್ಲ.

ಶಾದಿಮಹಲಿನಲ್ಲಿ ಅತೀಕಾ ಹೆಂಗಸರ ಊಟದ ಕಡೆ ಓಡಾಡುತ್ತಿದ್ದಳು. ತನುಜಾಳನ್ನು ಕಂಡವಳೇ ನಿಂತಳು. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

"ನಿಂಗೆ ಅಂತ ವೆಜ್ ಬೇರೆ ಮಾಡ್ಸಿದೀನಿ. ಆ ಕಡೆ ಕೂತ್ಕೋ" ಅಂದಳು.

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ."

ತನುಜಾ ಆ ಕಡೆ ಹೋಗಲಿಲ್ಲ. "ಆವತ್ತು ಅಮ್ಮನ್ನ ನೋಡೋಕೆ ಬರ್ತಿದ್ದೆ ಅಂತ ಬರೆದಿದ್ಯಲ್ಲ. ಹಂಗಂದ್ರೇನೆ?"

"ಹಂಗಂದ್ರೆ ಇನ್ನೇನು? ಹೇಳಿದ್ರೆ ಬರ್ತಿದ್ದೆ ಅಂತ."

"ಹೇಳಿದ್ರೆ ಅಂತ ನೀನು ಬರೀಲಿಲ್ಲ."

"ಬರೆದಿದ್ದೆ. ಆಮೇಲೆ ಅಳಿಸ್ದೆ." ಅತೀಕಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಮ್ಮನ್ನ ಮಣ್ಣಿಗಿಟ್ಟು ಬಂದೋಳಿಗೆ, ನಂಗ್ಯಾಕೆ ಹೇಳ್ಲಿಲ್ಲ ಅಂತ ಕೇಳೋಕಾಗುತ್ತಾ ಮಾರಾಯ್ತಿ?"

"ನೀನು ಸುಳ್ಳು ಹೇಳ್ದೆ ಅಂದ್ಕೊಂಡೆ ಕಣೆ. ಇಷ್ಟು ದಿನ ಹಂಗೇ ಅಂದ್ಕೊಂಡಿದ್ದೆ. ತಪ್ಪಾಯ್ತು."

ಹೋಗ್ಲಿ ಬಿಡು ಎಂದು ಅತೀಕಾ ಅನ್ನಲಿಲ್ಲ. ಯಾಕೆ ಅನ್ನಬೇಕು? ಅವಳಿಗೆ ಬೇಕಾಗಿದ್ದದ್ದು ಬೇರೆ ಇತ್ತು.

"ಅಮ್ಮ ನನ್ನ ಕೇಳಿದ್ರಾ?"

ಇಲ್ಲ, ಪ್ರಜ್ಞೆಯೇ ಇರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಇಬ್ಬರೂ ನೆಮ್ಮದಿಯಾಗಿ ಊಟಕ್ಕೆ ಕೂರಬಹುದಿತ್ತು. ತನುಜಾಳ ನಾಲಿಗೆ ತುದಿಗೂ ಅದು ಬಂತು. ನುಂಗಿಕೊಂಡಳು.

"ದಿನಾ ಕೇಳ್ತಿದ್ರು. ಅತೀಕಾ ಬಂದ್ಲಾ ಅಂತ. ನಾಳೆ ಬರ್ತಾಳೆ ಅಂತಿದ್ದೆ. ಫೋನ್ ಮಾತ್ರ ಮಾಡ್ಲಿಲ್ಲ. ಅಮ್ಮನ್ನ ನಾನೊಬ್ಳೇ ನೋಡ್ಕೋಬೇಕು ಅನ್ನೋ ಹಟ ಇತ್ತು ಕಣೆ ನಂಗೆ. ನೀನು ಬಂದ್ರೆ ಅಮ್ಮ ನಿನ್ನ ಕಡೆಗೇ ತಿರುಗ್ತಾರೆ ಅಂತ."

ಅತೀಕಾ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತಳು. ತಮ್ಮನ ಮದುವೆ, ನೂರಾರು ಜನ ನೋಡುತ್ತಿದ್ದಾರೆ ಎನ್ನುವುದೂ ಮರೆತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ತನುಜಾ ಮುಟ್ಟಲು ಧೈರ್ಯ ಸಾಲದೆ ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಅತೀಕಾ ಮುಖ ಎತ್ತದೆಯೇ ಅವಳ ಕೈ ಹಿಡಿದು ಪಕ್ಕದ ಕುರ್ಚಿಗೆ ಎಳೆದಳು.

"ಏನೇನು ಕೇಳ್ತಿದ್ರು, ಎಲ್ಲಾ ಹೇಳು" ಅಂದಳು. "ಮೊದಲನೇ ದಿನದಿಂದ ಹೇಳು."