ಅಂಗಳಕ್ಕೇ ಕಾರು

"ಇನ್ನೂ ಇಳಿಸ್ಬೇಕಾ ಭಟ್ರೆ?" ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಸಂಪ್ರೀತ್ ಕೇಳಿದ. "ಇಷ್ಟಕ್ಕೇ ಇದು ನೆಲ ಮೂಸ್ತಾ ಉಂಟು."

"ಇನ್ನೊಂದೆರಡು ಸುತ್ತು," ಎಂದ ವಿಷ್ಣುಪ್ರಸಾದ್.

ಸಂಪ್ರೀತ್ ಕೊಕ್ಕೆಯ ಹಾಗೆ ಬಾಗಿದ ಸ್ಪ್ಯಾನರನ್ನು ಮತ್ತೆ ರಿಂಗಿಗೆ ಸಿಕ್ಕಿಸಿದ. ಚಕ್ರ ಕಳಚಿದ ಜಾಗದಲ್ಲಿ ಹೊಸ ಕಾಯಿಲೋವರ್ ಹಳದಿಯಾಗಿ ಹೊಳೆಯುತ್ತಿತ್ತು. ನಡುವೆ ಶಾಕ್ ಅಬ್ಸಾರ್ಬರ್, ಅದನ್ನು ಸುತ್ತಿಕೊಂಡ ಸ್ಪ್ರಿಂಗು, ಸ್ಪ್ರಿಂಗಿನ ಬುಡದಲ್ಲಿ ಬೋಲ್ಟಿನಂತೆ ಸುರುಳಿ ಗೀರು ಕೊರೆದ ಮೈಯ ಮೇಲೆ ಈ ರಿಂಗು. ಕೆಳಕ್ಕೆ ತಿರುಗಿಸಿದರೆ ಕಾರು ತಗ್ಗುತ್ತದೆ, ಮೇಲಕ್ಕೆ ತಿರುಗಿಸಿದರೆ ಏಳುತ್ತದೆ. ಕಳಚಿದ ಹಳೆಯ ಸ್ಪ್ರಿಂಗುಗಳು ಒಣಗಿದ ಕೆಸರು ಮೆತ್ತಿಕೊಂಡು, ಬಾಡಿಗೆ ಮನೆಯಿಂದ ಹೊರಗೆ ಹಾಕಿದ ಸಾಮಾನಿನಂತೆ ಗ್ಯಾರೇಜಿನ ಗೋಡೆಗೆ ಒರಗಿದ್ದವು.

"ನಾಳೆ ನಿಮ್ಮಲ್ಲಿಗೆ ಹುಡುಗಿ ಕಡೆಯವರು ಬರುದಲ್ವಾ?"

"ಹ್ಞೂಂ."

"ಇದ್ರಲ್ಲೇ ಕೂರಿಸಿಕೊಂಡು ಹೋಗುದಾ?"

"ಹೌದು."

ಸಂಪ್ರೀತ್ ಸ್ಪ್ಯಾನರ್ ಕೆಳಗಿಟ್ಟ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ತಮಾಷೆಗೆ ಭಟ್ರೆ ಅನ್ನುತ್ತಾನೆ, ತಮಾಷೆ ಮುಗಿದಾಗ ಏಕವಚನಕ್ಕೆ ಇಳಿಯುತ್ತಾನೆ. "ಮಾರಾಯ, ನೀನೊಬ್ಬನೇ ಆದ್ರೆ ಹೇಗಾದ್ರೂ ಓರೆ ಮಾಡಿ ಹತ್ತಿಸ್ತಿ. ಮುಂದೆ ಒಬ್ರು, ಹಿಂದೆ ಇಬ್ರು ಕೂತ್ರೆ ಆ ನಿಮ್ಮ ಗುಡ್ಡೆಯ ದಿಣ್ಣೆ ಇದರ ಹೊಟ್ಟೆ ಹರಿತದೆ. ನಾಳೆ ಒಂದು ದಿನಕ್ಕೆ ಎತ್ತರ ಇಡುವ. ಅವರು ಹೋದ ಮೇಲೆ ಎಷ್ಟು ಬೇಕಾದ್ರೂ ಮಲಗಿಸು."

"ಬೆಳಿಗ್ಗೆ ನಾನೇ ಎತ್ತರ ಮಾಡಿಕೊಳ್ತೇನೆ. ಸ್ಪ್ಯಾನರ್ ಕೊಡು."

"ಕೊಡ್ತೇನೆ. ಮದುವೆ ಆದ ಮೇಲೆ ವಾಪಸ್ ತಾ. ಆಮೇಲೆ ನಿನ್ನ ಎತ್ತರ ತಗ್ಗು ಎಲ್ಲ ಹೆಂಡತಿಯೇ ನೋಡಿಕೊಳ್ತಾಳೆ."

ವಿಷ್ಣುಪ್ರಸಾದ್ ನಗಲಿಲ್ಲ. ಸ್ಪ್ಯಾನರನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಒತ್ತಿದ.

ಮಗನ ಸಂಬಂಧದ ಮಾತು ಬಂದಾಗಲೆಲ್ಲ ಅವನ ಅಪ್ಪ ಕೃಷ್ಣಮೋಹನರು ಮೊದಲು ಹೇಳುವ ಮಾತು ಒಂದೇ: "ನಮ್ಮಲ್ಲಿಗೆ ಅಂಗಳಕ್ಕೇ ಕಾರು ಬರ್ತದೆ." ಜಾತಕ, ತೋಟ, ಮಗನ ಡಿಗ್ರಿ ಎಲ್ಲ ಆಮೇಲೆ. ಬೆಟ್ಟಂಪಾಡಿಯ ಒಳಗಿನ ಮನೆಗಳಿಗೆ ಹೆಣ್ಣು ಕೊಡುವವರು ಮೊದಲು ಕೇಳುವುದೂ ಅದನ್ನೇ. ಆ ಒಂದು ಮಾತಿಗಾಗಿ ಅವರು ನೆರೆಯವನ ಮನೆಗೆ ನಡೆದು ನಡೆದು ರಸ್ತೆಗೆ ಜಾಗ ಬಿಡಲು ಅವನನ್ನು ಒಪ್ಪಿಸಿದ್ದರು, ಬದಲಿಗೆ ತೋಟದ ಒಂದು ಮೂಲೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದರು, ಜೆಸಿಬಿ ತರಿಸಿ ಕೆಂಪು ಮುರಕಲ್ಲಿನ ಗುಡ್ಡೆಯನ್ನು ಸೀಳಿಸಿದ್ದರು. ಮಳೆಯ ನೀರು ರಸ್ತೆಯನ್ನೇ ತೋಡು ಮಾಡಿಕೊಂಡು ಇಳಿಯದ ಹಾಗೆ, ಏರಿನ ನಡುವೆ ಕಲ್ಲು ಸಿಮೆಂಟಿನ ಒಂದು ಅಡ್ಡ ದಿಣ್ಣೆಯನ್ನು ತಾವೇ ಕೂತು ಕಟ್ಟಿದ್ದರು. ನೀರು ಅದಕ್ಕೆ ಬಡಿದು ಬದಿಯಲ್ಲಿ ತೋಡಿದ ಕಣಿಗೆ ತಿರುಗುತ್ತಿತ್ತು. ಕಾರುಗಳು ಅದನ್ನು ಹತ್ತಿ ಇಳಿದು ಅಂಗಳಕ್ಕೆ ಬರುತ್ತಿದ್ದವು.

ಹುಡುಗಿ ಕಡೆಯವರೂ ಬರುತ್ತಿದ್ದರು. ಅಂಗಳದಲ್ಲಿ ಇಳಿದು, ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಪೋಡಿ ತಿಂದು, ಕಾಫಿ ಚೆನ್ನಾಗುಂಟು ಎಂದು, ಬಚ್ಚಲಿನ ಟೈಲ್ಸ್ ನೋಡಿ ಹೋಗುತ್ತಿದ್ದರು. ಆಮೇಲೆ ಫೋನ್. ಜಾತಕ ಸ್ವಲ್ಪ ಕೂಡಿ ಬರುದಿಲ್ಲಂತೆ. ಹುಡುಗಿಗೆ ಇನ್ನೂ ಓದ್ಲಿಕ್ಕುಂಟಂತೆ. ಓದಲಿಕ್ಕಿದ್ದ ಆ ಹುಡುಗಿಯ ಮದುವೆಯ ಕಾಗದ ಮುಂದಿನ ವೈಶಾಖದಲ್ಲಿ ಮನೆಗೆ ಬಂದಿತ್ತು. ಅಪ್ಪ ಅಮ್ಮ ಹೋಗಿ ಉಂಡು ಬಂದಿದ್ದರು. ತಾನು ಯಾಕೆ ಆಗಲಿಲ್ಲವೆಂದು ವಿಷ್ಣುಪ್ರಸಾದನಿಗೆ ಯಾರೂ ಹೇಳಿರಲಿಲ್ಲ. ಕ್ಷೌರ ಮಾಡುವಾಗ ಕನ್ನಡಿಯಲ್ಲಿ ತನ್ನ ಮುಖವನ್ನು ಅಪರಿಚಿತನೊಬ್ಬನ ಅರ್ಜಿಯಂತೆ ನೋಡುತ್ತಿದ್ದ. ತಪ್ಪು ಎಲ್ಲಿದೆ ಎಂದು ಕಾಣುತ್ತಿರಲಿಲ್ಲ.

ಆ ಸಂಜೆ ಒಬ್ಬನೇ ದಿಣ್ಣೆಯನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿ ಬಂದ. ಅಂಗಳದಲ್ಲಿ ಕೃಷ್ಣಮೋಹನರು ಕಾರಿಗೆ ಒಂದು ಸುತ್ತು ಬಂದರು.

"ಟಯರಿಗೆ ಗಾಳಿ ಇಲ್ವಾ?"

"ಉಂಟು. ಶಾಕ್, ಸ್ಪ್ರಿಂಗ್ ಎಲ್ಲ ಬೇರೆ ಹಾಕಿಸಿದ್ದು."

"ಕೋಳಿ ಕಾವಿಗೆ ಕೂತ ಹಾಗೆ ಉಂಟಲ್ಲ ಮಾರಾಯ. ಇದು ಇನ್ನು ಹೀಗೆಯೇ ಇರುದಾ?"

"ಹೀಗೆಯೇ," ಎಂದ ವಿಷ್ಣುಪ್ರಸಾದ್.

"ಈಗಿನ ಕಾರುಗಳೇ ಹಾಗೆ. ಆಗ್ಲಿ, ಮೇಲೆ ಬಂತಲ್ಲ, ಸಾಕು."

ಬೆಳಿಗ್ಗೆ ಅವನು ಜಾಕ್ ತೆಗೆದ. ಸ್ಪ್ಯಾನರ್ ತೆಗೆದ. ಮುಂದಿನ ಚಕ್ರದ ಬಳಿ ಒಂದು ಗೋಣಿ ಹಾಸಿ ಕೂತ. ಒಳಗೆ ಅಮ್ಮ ಗೋದಾವರಿ ಬಾಳೆಕಾಯಿ ಹೆಚ್ಚುವ ಸದ್ದು ಕೇಳುತ್ತಿತ್ತು. ಅಪ್ಪ ಅಂಗಳ ಗುಡಿಸಿದ್ದರು, ಈಗ ಮೆಟ್ಟಿಲಿಗೆ ನೀರು ಹೊಯ್ಯುತ್ತಿದ್ದರು. ಇವತ್ತೂ ಬರುತ್ತಾರೆ, ಇವತ್ತೂ ಪೋಡಿ ತಿನ್ನುತ್ತಾರೆ, ಇವತ್ತೂ ಫೋನ್ ಬರುತ್ತದೆ. ಆದರೆ ಕಾರು ತಾಗಿ ಅವರು ಏರಿನಲ್ಲಿ ಇಳಿದು ನಡೆಯಬೇಕಾಗಿ ಬಂದರೆ? ಆಗ ಬೇಡವೆಂದದ್ದು ಇವನನ್ನಲ್ಲ, ಕಾರನ್ನು. ಅದಕ್ಕೊಂದು ಕಾರಣ ಇರುತ್ತದೆ, ಕೈಯಲ್ಲಿ ಹಿಡಿದು ನೋಡಬಹುದಾದಂಥದ್ದು. ಹಾಗೆ ಯೋಚಿಸಿದಾಗ ಅವನಿಗೆ, ಎಷ್ಟೋ ಕಾಲದ ಮೇಲೆ, ಒಂದು ನಮೂನೆಯ ಹಗುರ ಅನ್ನಿಸಿತು. ಒಂದು ಸುತ್ತೂ ತಿರುಗಿಸದೆ ಜಾಕನ್ನು ಡಿಕ್ಕಿಗೂ ಸ್ಪ್ಯಾನರನ್ನು ಮೊದಲಿದ್ದಲ್ಲಿಗೂ ಹಾಕಿ ಸ್ನಾನಕ್ಕೆ ಹೋದ.

ಪುತ್ತೂರಿನ ಸಭಾಭವನದಲ್ಲಿ ಉಪನಯನದ ಊಟ ಮುಗಿಸಿ ಮೂವರು ಕಾಯುತ್ತಿದ್ದರು: ಹುಡುಗಿ ಅಜ್ಜಾವರದ ಸಮನ್ವಿತಾ, ಅವಳ ತಂದೆ, ಮತ್ತೆ ಮೊಣಗಂಟಿನ ನೋವಿನ ದೊಡ್ಡಮ್ಮ. ಅವರು ಬೇರೆ ಗಾಡಿ ಮಾಡಿಕೊಂಡು ಬರುವುದನ್ನು ಕೃಷ್ಣಮೋಹನರು ಒಪ್ಪಿರಲಿಲ್ಲ. ಮಗನೇ ಬರ್ತಾನೆ, ಅಂಗಳದಲ್ಲೇ ಇಳಿಸ್ತಾನೆ, ಎಂದಿದ್ದರು.

"ಅಯ್ಯೋ, ಇದೆಂತ, ಮಣೆಯ ಮೇಲೆ ಕೂತ ಹಾಗಾಗ್ತದೆ," ಎಂದರು ದೊಡ್ಡಮ್ಮ, ಸೀಟಿಗೆ ಇಳಿಯುತ್ತ.

ಪೇಟೆ ದಾಟುವಷ್ಟರಲ್ಲಿ ಸಮನ್ವಿತಾಳ ತಂದೆ ಕಿಟಕಿಯ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಒಂದೊಂದು ಹೊಂಡಕ್ಕೂ ಕಾರು ಹಲ್ಲು ಕಡಿಯುತ್ತಿತ್ತು. "ಶಾಕ್ ಹೋಗಿದಾ ಇದ್ರದ್ದು?"

"ಇಲ್ಲ, ಹೊಸತು."

"ಹೊಸತು ಹೀಗಾ?"

ಹಿಂದಿನ ಸೀಟಿನಿಂದ ಹುಡುಗಿ ಕೇಳಿದಳು: "ಕಾಯಿಲೋವರ್ ಹಾಕಿದ್ದಾ?"

ವಿಷ್ಣುಪ್ರಸಾದ್ ಕನ್ನಡಿಯಲ್ಲಿ ನೋಡಿದ. ಸುಳ್ಯದ ಶಾಲೆಯೊಂದರಲ್ಲಿ ಟೀಚರ್ ಎಂದಷ್ಟೇ ಅಮ್ಮ ಹೇಳಿದ್ದಳು. "ಹೌದು. ನಿಮಗೆ ಹೇಗೆ ಗೊತ್ತು?"

"ನಮ್ಮ ಚಿನ್ಮಯಣ್ಣನ ಕಾರಿಗೂ ಉಂಟು. ಮನೆಯಲ್ಲಿ ಯಾರೂ ಹತ್ತುದಿಲ್ಲ ಅದಕ್ಕೆ, ನಾನು ಮಾತ್ರ. ತಿರುವಿನಲ್ಲಿ ಭಾರಿ ಚಂದ ಹೋಗ್ತದೆ ಅಲ್ವಾ? ವಾಲುದೇ ಇಲ್ಲ."

"ವಾಲುದೇ ಇಲ್ಲ," ಎಂದ ಅವನು. ಮುಂದಿನ ತಿರುವನ್ನು ಸ್ವಲ್ಪ ಜೋರಾಗಿ ತೆಗೆದುಕೊಂಡ. ಕಾರು ನೆಲಕ್ಕೆ ಅಂಟಿಕೊಂಡು ಸುತ್ತಿತು. ಹಿಂದಿನಿಂದ ಒಂದು ಸಣ್ಣ ನಗೆ ಕೇಳಿಸಿತು.

"ಮೆಲ್ಲ ಹೋಗು ಮಗಾ, ಈಗಷ್ಟೆ ಪಾಯಸ ಉಂಡದ್ದು," ಎಂದರು ದೊಡ್ಡಮ್ಮ.

ಆಮೇಲೆ ಅವಳು ಕೇಳುತ್ತ ಹೋದಳು, ಇವನು ಹೇಳುತ್ತ ಹೋದ: ಎಲ್ಲಿಂದ ತರಿಸಿದ್ದು, ಮೃದು ಮಾಡಲಿಕ್ಕೆ ಆಗುತ್ತದಾ, ಮಂಗಳೂರಿನಲ್ಲಿ ಕಾರಿನವರೆಲ್ಲ ಸೇರುತ್ತಾರಂತೆ ಹೌದಾ. ಹೆಣ್ಣು ನೋಡುವ ಮಾತುಗಳಲ್ಲಿ ಇದು ಯಾವುದೂ ಇರುವುದಿಲ್ಲ. ತನ್ನ ದನಿ ತನಗೇ ಹೊಸದಾಗಿ ಕೇಳುತ್ತಿದೆ ಎಂದು ಅವನಿಗೆ ಅನ್ನಿಸಿತು. ಡಾಮರು ರಸ್ತೆ ಬಿಟ್ಟು ಮಣ್ಣಿನ ರಸ್ತೆಗೆ ತಿರುಗಿಸಿದಾಗ, ಮುಂದೆ ಏರು ಕಂಡಿತು.

ಸ್ಪ್ಯಾನರ್ ಅವಳ ತಂದೆಯ ಮೊಣಕಾಲಿನ ಎದುರೇ ಇತ್ತು. ನಿಲ್ಲಿಸಿ, ಇವರನ್ನೆಲ್ಲ ಬಿಸಿಲಿಗೆ ಇಳಿಸಿ, ಜಾಕ್ ಕೊಟ್ಟು, ಒಂದೊಂದೇ ಚಕ್ರ ಕಳಚಿ? ಏನೆಂದು ಹೇಳುವುದು? ಕಾಲು ಹಾಗೆಯೇ ಆಕ್ಸಿಲರೇಟರಿನ ಮೇಲಿತ್ತು. ಓರೆಯಾಗಿ ಹತ್ತಿಸಿದ. ಮುಂದಿನ ಚಕ್ರಗಳು ದಾಟಿದವು. ಆಮೇಲೆ ಅಡಿಯಿಂದ, ಕಬ್ಬಿಣದ ಬಾಗಿಲನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು ಬಂತು. ಕಾರು ನಿಂತಿತು.

"ಎಂತ ಆಯ್ತು?"

"ಅಡಿಗೆ ತಾಗ್ತಾ ಉಂಟು."

ಹಿಂದಕ್ಕೆ ತಂದು ಇನ್ನೊಮ್ಮೆ ನೋಡಿದ. ಅದೇ ಸದ್ದು. ಸಮನ್ವಿತಾಳ ತಂದೆ ಬಾಗಿಲು ತೆರೆದು ಇಳಿದರು. ದೊಡ್ಡಮ್ಮನನ್ನು ಇಳಿಸಲು ಇಬ್ಬರು ಬೇಕಾಯಿತು. ಅವರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಏರನ್ನು ನೋಡಿ, "ಅಂಗಳಕ್ಕೇ ಅಂತ ಹೇಳಿದ್ರಲ್ಲ?" ಎಂದರು, ಯಾರಿಗೂ ಅಲ್ಲದ ಹಾಗೆ.

ಸಮನ್ವಿತಾ ಮುಂದಿನ ಚಕ್ರದ ಬಳಿ ಬಾಗಿ ಒಳಗೆ ಇಣುಕಿದಳು.

"ಇದನ್ನು ಎತ್ತರ ಮಾಡ್ಲಿಕ್ಕೆ ಆಗ್ತದಲ್ವಾ?"

"ಆಗ್ತದೆ."

"ನಾವು ಬರುದು ನಿಮಗೆ ಯಾವಾಗ ಗೊತ್ತಾದ್ದು?"

"ಹೋದ ವಾರ."

"ಇದು ಹಾಕಿದ್ದು?"

"ನಿನ್ನೆ."

ಅವಳು ನೆಟ್ಟಗೆ ನಿಂತು ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ಉತ್ತರ ಗೊತ್ತಿದ್ದೂ ಖಾಲಿ ಹಾಳೆ ಕೊಟ್ಟು ಎದ್ದ ಹುಡುಗನನ್ನು ಟೀಚರ್ ನೋಡುವ ಹಾಗಿತ್ತು. ಆಮೇಲೆ ದೊಡ್ಡಮ್ಮನ ಕೈ ಹಿಡಿದುಕೊಂಡು ಹತ್ತತೊಡಗಿದಳು.

ಖಾಲಿ ಕಾರು ಸಲೀಸಾಗಿ ಮೇಲೆ ಹೋಯಿತು. ಇಸ್ತ್ರಿ ಹಾಕಿದ ಅಂಗಿಯಲ್ಲಿ ಅಂಗಳದ ತುದಿಗೆ ಬಂದು ನಿಂತಿದ್ದ ಕೃಷ್ಣಮೋಹನರು ಮುಂದಿನ ಸೀಟು ನೋಡಿದರು, ಹಿಂದಿನ ಸೀಟು ನೋಡಿದರು.

"ಅವರು?"

"ನಡ್ಕೊಂಡು ಬರ್ತಾ ಇದ್ದಾರೆ. ದಿಣ್ಣೆಗೆ ತಾಗ್ತದೆ."

ಅಪ್ಪ ಕಾರಿನತ್ತ ನೋಡಲಿಲ್ಲ. ಕೆಳಗೆ, ತಾವು ಕಟ್ಟಿದ ರಸ್ತೆಯನ್ನು ನೋಡಿದರು. "ನಾನು ದಿಣ್ಣೆಯನ್ನು ಎತ್ತರ ಮಾಡಿಬಿಟ್ಟೆ," ಎಂದರು.

ಪೋಡಿ ಆಯಿತು, ಕಾಫಿ ಆಯಿತು. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಮೊಣಗಂಟು ಉಜ್ಜಿಕೊಳ್ಳುತ್ತಿದ್ದರು. ಸಮನ್ವಿತಾ ಗೋದಾವರಿಯ ಜೊತೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಮಾತಾಡಿದಳು; ವಿಷ್ಣುಪ್ರಸಾದನ ಕಡೆ ತಿರುಗಲಿಲ್ಲ. ಹೊರಡುವಾಗ ಊರಿನ ಸೀನನ ರಿಕ್ಷಾ ಕರೆಸಿದರು. ಅದು ಕುಪ್ಪಳಿಸಿಕೊಂಡು ಅಂಗಳಕ್ಕೇ ಬಂತು.

ಕೆಲವು ದಿನ ಕಳೆದು ಸಂಬಂಧ ತಂದಿದ್ದ ಸುಳ್ಯದ ಅತ್ತೆಯ ಫೋನ್ ಬಂತು. ಗೋದಾವರಿ ಬಹಳ ಹೊತ್ತು ಕೇಳಿಸಿಕೊಂಡು, ಗಂಡನ ಹತ್ತಿರ ಹೇಳಿದ್ದು ಇಷ್ಟೇ: "ಜಾತಕ ಕೂಡಿ ಬರ್ಲಿಲ್ಲಂತೆ."

ಕೃಷ್ಣಮೋಹನರು ತಲೆಯಾಡಿಸಿದರು. ಕೊಟ್ಟಿಗೆಯಿಂದ ಕಲ್ಲು ಒಡೆಯುವ ಪಿಕ್ಕಾಸು ತೆಗೆದುಕೊಂಡು ಏರಿನ ಕಡೆ ಇಳಿದರು.

ಗೋದಾವರಿ ಮಗನನ್ನು ಹಿತ್ತಿಲಿಗೆ ಕರೆದಳು. "ಹುಡುಗಿಗೆ ಮನೆ ಆಗ್ತದಂತೆ. ತೋಟದ ಕೆಲಸ, ರಸ್ತೆ, ಎಲ್ಲ ಆಗ್ತದಂತೆ. ನಿನಗೇ ಮನಸ್ಸಿಲ್ಲ ಅಂತ ಹೇಳಿದ್ಳಂತೆ. ಎಂತ ಹೇಳಿದ್ದು ನೀನು ಅವಳ ಹತ್ರ?"

"ಎಂತದೂ ಹೇಳ್ಲಿಲ್ಲ."

"ಅದೇ," ಎಂದಳು ಗೋದಾವರಿ.

ಕೆಳಗಿನಿಂದ ಮುರಕಲ್ಲಿಗೆ ಪಿಕ್ಕಾಸು ಬೀಳುವ ಸದ್ದು ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ವಿಷ್ಣುಪ್ರಸಾದ್ ಒಮ್ಮೆ ಏರಿನವರೆಗೆ ಹೋದ. ಅಪ್ಪನ ಬೆನ್ನು ನೋಡಿ ಹಿಂದೆ ಬಂದ. ಬಿಸಿಲು ಇಳಿಯುವ ಹೊತ್ತಿಗೆ ಅವರೇ ಮೇಲೆ ಬಂದರು, ಮೊಣಕೈಯವರೆಗೆ ಕೆಂಪು ಧೂಳು.

"ಕಾರು ತೆಗಿ. ಇನ್ನು ಬರುವವರಿಗೆ ಹಾಗಾಗ್ಬಾರದು. ಎಲ್ರೂ ಕೂತೇ ನೋಡುವ." ಅಡುಗೆಮನೆಯತ್ತ ತಿರುಗಿ, "ನೀನೂ ಬಾ," ಎಂದು ಕೂಗಿದರು. ಒಬ್ಬರ ತೂಕ ಕಡಿಮೆ ಬೀಳುತ್ತದೆಂದು ದೊಡ್ಡಮ್ಮ ಕೂತಿದ್ದಲ್ಲಿ ಗೊಬ್ಬರದ ಎರಡು ಗೋಣಿ ಹೇರಿಸಿದರು. ಹುಡುಗಿ ಕೂತಿದ್ದಲ್ಲಿ ಗೋದಾವರಿ ಕೂತಳು.

ಕೆಳಗಿನವರೆಗೆ ಹೋಗಿ ತಿರುಗಿಸಿಕೊಂಡು ಬಂದರು. ದಿಣ್ಣೆ ಇದ್ದಲ್ಲಿ ಈಗ ಒಂದು ಕೆಂಪು ಪಟ್ಟಿ ಮಾತ್ರ. ಒಡೆದ ಕಲ್ಲುಗಳು ಬದಿಯ ಕಣಿಯಲ್ಲಿ ಬಿದ್ದಿದ್ದವು. ಕಾರು ಎಲ್ಲಿಯೂ ತಾಗದೆ, ಸದ್ದಿಲ್ಲದೆ, ಅಂಗಳಕ್ಕೆ ಬಂದು ನಿಂತಿತು.

"ಬಂತಲ್ಲ!" ಕೃಷ್ಣಮೋಹನರು ತೊಡೆ ತಟ್ಟಿದರು. ಕೈಯ ಧೂಳು ಒರೆಸಲು ಬಟ್ಟೆ ಹುಡುಕುತ್ತ ಎದುರಿನ ಪೆಟ್ಟಿಗೆ ತೆರೆದರು. "ಇದೆಂತದು, ಕೊಕ್ಕೆಯ ಹಾಗೆ?"

"ಸ್ಪ್ಯಾನರ್."

"ಎಂತಕ್ಕೆ?"

ಕನ್ನಡಿಯಲ್ಲಿ ಅಮ್ಮ ಅವನನ್ನೇ ನೋಡುತ್ತಿದ್ದಳು.

"ಕಾರು ಎತ್ತರ ಮಾಡ್ಲಿಕ್ಕೆ."

"ಎಷ್ಟು ಎತ್ತರ?"

"ಮೊದಲು ಇದ್ದಷ್ಟು."

ಅಪ್ಪ ಸ್ಪ್ಯಾನರನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರು. ಆಮೇಲೆ ಅದು ಇದ್ದಲ್ಲೇ ಇಟ್ಟು ಮುಚ್ಚಳ ಹಾಕಿದರು. ಅದು ಕೂರಲಿಲ್ಲ; ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದರು.

"ಮಳೆಗೆ ಮೊದಲು ದಿಣ್ಣೆಯನ್ನು ಪುನಃ ಕಟ್ಬೇಕು," ಎಂದರು, ಎದುರಿನ ಗಾಜಿಗೆ.

ಅವರು ಇಳಿದಾಗ ಕಾರು ಒಂದಿಷ್ಟು ಮೇಲೆದ್ದಿತು. ಗೋದಾವರಿ ಇಳಿದಾಗ ಇನ್ನೊಂದಿಷ್ಟು. ವಿಷ್ಣುಪ್ರಸಾದ್ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದ. ಹಿಂದಿನ ಸೀಟಿನಲ್ಲಿ ಗೊಬ್ಬರದ ಗೋಣಿಗಳೆರಡು ಒಂದಕ್ಕೊಂದು ಒರಗಿ, ಬಂದವರ ಹಾಗೆ, ಕೂತಿದ್ದವು.